ನಿಂಬೆಸಿಪ್ಪೆಯ ಚೆಂಡು

ಈ ಚೆಂಡಿನ ಹೊಲಿಗೆ ನೋಡಿ. ಒಂದೇ ತುಂಡು ತೊಗಲು, ನಾಲ್ಕು ಎಸಳು, ಸುಲಿದ ನಿಂಬೆಸಿಪ್ಪೆಯನ್ನು ಮತ್ತೆ ಮುಚ್ಚಿದ ಹಾಗೆ. 1850–60ರ ದಶಕದ ಅಮೆರಿಕದ ಬೇಸ್‌ಬಾಲ್ ಇದು.

ಆಗ ಸೋತವರು ಆಟದ ಚೆಂಡನ್ನೇ ಗೆದ್ದವರ ಕೈಗಿಡಬೇಕಿತ್ತು. ಗೆದ್ದವರು ಅದಕ್ಕೆ ಬಣ್ಣ ಬಳಿದು, ತಾರೀಖು, ಸ್ಕೋರು ಬರೆಸಿ ಕ್ಲಬ್ಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಸಂಗ್ರಾಹಕರು ಹುಡುಕುವುದು ಈ ಬರಹವನ್ನೇ. ಅದಿಲ್ಲದಿದ್ದರೆ ಯಾವ ಪಂದ್ಯದ್ದೆಂದು ಯಾರು ಹೇಳಬೇಕು? ಹುಷಾರು, ಬರಹವನ್ನು ಆಮೇಲೆ ಸೇರಿಸುವ ಜಾಣರೂ ಇದ್ದಾರೆ!

ದುಡ್ಡಿನ ಮಾತಿಗೆ ಬಂದರೆ ಕಾಗದವೂ ಕಡಿಮೆಯೇನಲ್ಲ. ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ಬಿನ ಡಾಕ್ಟರ್ ಡೇನಿಯಲ್ ಆಡಮ್ಸ್ ಅವರ 1857ರ ನಿಯಮಗಳ ಹಸ್ತಪ್ರತಿ 2016ರ ಹರಾಜಿನಲ್ಲಿ 32 ಲಕ್ಷ ಡಾಲರ್ ದಾಟಿತು. ಬೇಸ್‌ಗಳ ನಡುವಿನ 90 ಅಡಿ ಅಂತರ ಆ ನಿಯಮಗಳಲ್ಲೇ ನಿಗದಿಯಾದದ್ದು. ರಬ್ಬರ್ ಚೂರಿಗೆ ನೂಲು ಸುತ್ತಿ ಕ್ಲಬ್ಬಿನ ಚೆಂಡುಗಳನ್ನು ಮಾಡುತ್ತಿದ್ದವರೂ ಇದೇ ಡಾಕ್ಟರು.