ಟಚ್‌ಪ್ಯಾಡ್ ಮಾತು ಕೇಳದಿದ್ದಾಗ

ಬೆಳ್ತಂಗಡಿ ತಾಲ್ಲೂಕಿನ ನೆರಿಯ ಘಟ್ಟದ ಬುಡದ ಊರು. ಮಳೆಗಾಲದಲ್ಲಿ ಅಲ್ಲಿ ಒಗೆದ ಬಟ್ಟೆ ಒಣಗುವುದೇ ಕಷ್ಟ. ಇಂಥ ಕಡೆ ಲಿನಕ್ಸ್ ಇರುವ ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಕೈಕೊಟ್ಟರೆ, ದೋಷವನ್ನೆಲ್ಲ ಲಿನಕ್ಸಿನ ತಲೆಗೆ ಕಟ್ಟಿ ವಿಂಡೋಸ್ ಹಾಕಿಸಿಕೊಂಡು ಬರುವವರುಂಟು. ದುಡ್ಡಿನ ಜೊತೆ ಒಳಗಿದ್ದ ಕಡತಗಳೂ ಹೋಗಬಹುದು.

ಟಚ್‌ಪ್ಯಾಡಿನ ಹಾಳೆಯ ಕೆಳಗೆ ಸೂಕ್ಷ್ಮ ವಿದ್ಯುತ್ ಗೆರೆಗಳ ಜಾಲವಿದೆ. ಬೆರಳು ತಾಗಿದ ಕಡೆ ಅದರ ವಿದ್ಯುತ್ ಧಾರಣೆ ಬದಲಾಗುತ್ತದೆ. ಬೆರಳು ಎಲ್ಲಿದೆಯೆಂದು ತಿಳಿಯುವುದು ಹೀಗೆ. ಬೆವರು ಅಥವಾ ನೀರಿನ ಹನಿ ಇದ್ದರೆ ಅದನ್ನೂ ಬೆರಳೆಂದೇ ಎಣಿಸೀತು. ಮೊದಲು ಒಣ ಹತ್ತಿಬಟ್ಟೆಯಿಂದ ಒರೆಸಿ.

ಬಾಣದ ಗುರುತು ತಾನಾಗಿ ಕುಣಿಯುತ್ತಿದ್ದರೆ ಚಾರ್ಜರ್ ತೆಗೆದು ನೋಡಿ. ಆಗ ಸರಿಹೋದರೆ ತಪ್ಪು ಲಿನಕ್ಸಿನದಲ್ಲ. ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ನಿಗೆ ಇಳಿಸಿದ್ದರೆ ಅರ್ಥಿಂಗ್ ಇರುವುದಿಲ್ಲ. ದಕ್ಷಿಣ ಕನ್ನಡದ ಮುರಕಲ್ಲು ನೆಲ ಬೇಸಿಗೆಯಲ್ಲಿ ಒಣಗಿದಾಗಲೂ ಅರ್ಥಿಂಗ್ ದುರ್ಬಲವಾಗುತ್ತದೆ. ಗುಂಡಿಗೆ ನೀರು ಹೊಯ್ಯುವ ಹಿರಿಯರ ಕ್ರಮ ಕಂಪ್ಯೂಟರಿಗೂ ಹಿತವೇ!

ಪ್ಯಾಡ್ ಉಬ್ಬಿದಂತೆ ಕಂಡರೆ, ಒತ್ತಿದರೂ ತಗ್ಗದಿದ್ದರೆ ಮಾತ್ರ ಎಚ್ಚರ. ಹಲವು ಲ್ಯಾಪ್‌ಟಾಪುಗಳಲ್ಲಿ ಬ್ಯಾಟರಿ ಅದರ ಕೆಳಗೇ ಇರುತ್ತದೆ, ಅದು ಊದಿಕೊಂಡಿರಬಹುದು. ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ. ಬೆಂಕಿಯ ಭಯವಿದೆ. ಯಂತ್ರವನ್ನು ಆರಿಸಿ ತಿಳಿದವರಿಗೆ ತೋರಿಸಿ.

ಇವೆಲ್ಲ ಸರಿಯಿದ್ದರೆ ಲಿನಕ್ಸಿನ ಸರದಿ. ಎಫ್‌ಎನ್ ಕೀಲಿಯ ಜೊತೆ ಟಚ್‌ಪ್ಯಾಡ್ ಚಿತ್ರದ ಕೀಲಿಯನ್ನು ಒತ್ತಿ; ಅರಿಯದೆ ಆರಿಸಿಟ್ಟಿರುವುದೇ ಹೆಚ್ಚು. ಅದಾಗದಿದ್ದರೆ ಟರ್ಮಿನಲ್ಲಿನಲ್ಲಿ ‘ಸುಡೊ ಲಿಬ್‌ಇನ್‌ಪುಟ್ ಲಿಸ್ಟ್-ಡಿವೈಸಸ್’ ಎಂಬ ಆದೇಶ ಕೊಡಿ. (ಉಬುಂಟುವಿನಲ್ಲಿ ಇದಕ್ಕೆ ‘ಲಿಬ್‌ಇನ್‌ಪುಟ್-ಟೂಲ್ಸ್’ ಬೇಕು.) ಪಟ್ಟಿಯಲ್ಲಿ ಟಚ್‌ಪ್ಯಾಡಿನ ಹೆಸರಿದ್ದೂ ತಟ್ಟಿದರೆ ಕ್ಲಿಕ್ ಆಗದಿದ್ದರೆ, ಸೆಟಿಂಗ್ಸಿನಲ್ಲಿ ‘ಟ್ಯಾಪ್ ಟು ಕ್ಲಿಕ್’ ಆನ್ ಮಾಡಿದರೆ ಸಾಕು. ಟೈಪ್ ಮಾಡುವಾಗಷ್ಟೇ ಪ್ಯಾಡ್ ಸುಮ್ಮನಿದ್ದರೆ ಅದು ದೋಷವಲ್ಲ. ಅಂಗೈ ತಾಗದಿರಲೆಂದು ಮಾಡಿದ ವ್ಯವಸ್ಥೆ.

ಯಂತ್ರ ನಿದ್ದೆಯಿಂದೆದ್ದ ಮೇಲೆ ಪ್ಯಾಡ್ ಸತ್ತಂತಿದ್ದರೆ ಚಾಲಕ ತಂತ್ರಾಂಶವನ್ನು ಇಳಿಸಿ ಮತ್ತೆ ಏರಿಸಬೇಕು. ‘ಸುಡೊ ಮಾಡ್‌ಪ್ರೋಬ್ -ಆರ್ ಪಿಎಸ್‌ಮೌಸ್’ ಎಂದು ಇಳಿಸಿ, ‘-ಆರ್’ ಬಿಟ್ಟು ಅದನ್ನೇ ಇನ್ನೊಮ್ಮೆ ಕೊಡಿ. ಹೊಸ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಪಿಎಸ್‌ಮೌಸ್ ಬದಲು ‘ಐ2ಸಿ-ಹಿಡ್-ಎಸಿಪಿಐ’ ಇರುತ್ತದೆ.

ಪಟ್ಟಿಯಲ್ಲಿ ಹೆಸರೇ ಇಲ್ಲವೆ? ಪೆನ್‌ಡ್ರೈವಿನಿಂದ ಇತ್ತೀಚಿನ ಲಿನಕ್ಸನ್ನು ಇನ್‌ಸ್ಟಾಲ್ ಮಾಡದೆಯೇ ಓಡಿಸಿ ನೋಡಿ. ಅಲ್ಲಿ ಪ್ಯಾಡ್ ನಡೆದರೆ ನಿಮ್ಮ ಹಳೆಯ ಕರ್ನಲ್ ಬದಲಿಸಿದರಾಯಿತು. ಅಲ್ಲೂ ನಡೆಯದಿದ್ದರೆ ಬಯೋಸ್‌ನಲ್ಲಿ ಪ್ಯಾಡ್ ಆರಿದೆಯೇ ಎಂದು ನೋಡಿ, ಆಮೇಲಷ್ಟೇ ರಿಪೇರಿ ಅಂಗಡಿಗೆ ಒಯ್ಯಿರಿ.