ಥೈಮ್ ಗಿಡಕ್ಕೆ ಗೊಬ್ಬರ: ಎಷ್ಟು, ಯಾವಾಗ?



ನಮ್ಮ ಕರಾವಳಿಯ ಕೆಲವು ಮನೆಗಳ ಅಂಗಳದಲ್ಲಿ ದೊಡ್ಡಪತ್ರೆ, ಪುದೀನದ ಜೊತೆಗೆ ಈಗ ಥೈಮ್ ಗಿಡವೂ ಕಾಣಸಿಗುತ್ತದೆ. ಕ್ರಿಸ್ಮಸ್ ದಿನದ ಕೋಳಿ ರೋಸ್ಟಿಗೆ ಇದರ ಎರಡು ಕಡ್ಡಿ ಹಾಕಿದರೆ ಪರಿಮಳವೇ ಬೇರೆ. ಆದರೆ ಪ್ರೀತಿಯಿಂದ ನೆಟ್ಟ ಗಿಡ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಸಾಯುವುದುಂಟು. ಆಗ ನಾವು ಗೊಬ್ಬರ ಸಾಲಲಿಲ್ಲ ಎಂದುಕೊಳ್ಳುತ್ತೇವೆ. ನಿಜವಾಗಿ ಅನೇಕ ಸಲ ಗೊಬ್ಬರ ಮತ್ತು ನೀರು ಹೆಚ್ಚಾದುದೇ ಕಾರಣ.

ಗಿಡದ ಸ್ವಭಾವ

ಥೈಮ್ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಒಣ, ಕಲ್ಲು ಮತ್ತು ಸುಣ್ಣದ ನೆಲದ ಗಿಡ. ಬಡ ಮಣ್ಣಿನಲ್ಲಿ ಬಾಳುವುದು ಅದರ ಅಭ್ಯಾಸ. ಮಲ್ಲಿಗೆಗೆ ಹಾಕುವಂತೆ ಇದಕ್ಕೂ ಹಿಂಡಿ, ಸೆಗಣಿ ಗೊಬ್ಬರ ಸುರಿದರೆ ಕಡ್ಡಿಗಳು ಉದ್ದಕ್ಕೆ ಮೆತ್ತಗೆ ಬೆಳೆದು ಬಾಗುತ್ತವೆ, ಪರಿಮಳವೂ ಕುಗ್ಗುತ್ತದೆ. ಮೀನು ತೊಳೆದ ನೀರನ್ನು ಇದರ ಬುಡಕ್ಕೆ ಹಾಕದಿರುವುದು ಒಳ್ಳೆಯದು.

ಅಂಗಳದಲ್ಲಿ

ನಮ್ಮ ಮುರಕಲ್ಲಿನ ಕೆಂಪು ಮಣ್ಣಿನಲ್ಲಿ ಹುಳಿ ಗುಣ ಹೆಚ್ಚು. ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಸುರಿಯುವ ಮಳೆ ಮಣ್ಣಿನ ಸುಣ್ಣದ ಅಂಶವನ್ನು ತೊಳೆದುಕೊಂಡು ಹೋಗುತ್ತದೆ. ಆದ್ದರಿಂದ ಎತ್ತರದ ಏರಿ ಮಾಡಿ, ಮರಳು ಬೆರೆಸಿ, ಒಂದು ಹಿಡಿ ಚಿಪ್ಪಿನ ಸುಣ್ಣದ ಹುಡಿ ಸೇರಿಸಿ, ಕೆಲವು ವಾರ ಬಿಟ್ಟು ನೆಡಬೇಕು. ನಂತರ ವರ್ಷಕ್ಕೆ ಒಂದು ಸಲ ಚೆನ್ನಾಗಿ ಕಳಿತ ಕಾಂಪೋಸ್ಟನ್ನು ಬೆರಳು ದಪ್ಪಕ್ಕೆ ಹರಡಿದರೆ ಸಾಕು. ಅದು ಕಾಂಡಕ್ಕೆ ತಾಗಬಾರದು.

ಕುಂಡದಲ್ಲಿ

ಕುಂಡದ ಮಾತು ಬೇರೆ. ನೀರು ಹಾಕಿದಾಗಲೆಲ್ಲ ಸತ್ವ ತೂತಿನಿಂದ ಹೊರಗೆ ಹೋಗುತ್ತದೆ. ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕಾಂಪೋಸ್ಟ್ ಬೆರೆಸಿ ನೆಟ್ಟರೆ ಮೊದಲ ಎರಡು ತಿಂಗಳು ಬೇರೇನೂ ಬೇಡ. ಆಮೇಲೆ ಬೆಳೆಯುವ ಕಾಲದಲ್ಲಿ ಐದಾರು ವಾರಕ್ಕೊಮ್ಮೆ ತೆಳುವಾದ ದ್ರವ ಗೊಬ್ಬರ ಕೊಡಬಹುದು. ಅಂಗಡಿಯ 19:19:19 ಆದರೆ ಒಂದು ಲೀಟರ್ ನೀರಿಗೆ 1 ಗ್ರಾಂ ಮಾತ್ರ. ಮಣ್ಣು ಒಣಗಿದ್ದರೆ ಮೊದಲು ಬರೀ ನೀರು ಹಾಕಿ, ನಂತರ ಗೊಬ್ಬರದ ನೀರು ಕೊಡಿ.

ಕುಂಡದ ಅಂಚಿನಲ್ಲಿ ಬಿಳಿ ಉಪ್ಪಿನ ಪದರ ಕಂಡರೆ ಗೊಬ್ಬರ ಹೆಚ್ಚಾಗಿರಬಹುದು. ಕೆಳಗಿನಿಂದ ಚೆನ್ನಾಗಿ ಹರಿದು ಹೋಗುವಷ್ಟು ನೀರು ಹಾಕಿ, ಒಂದು ತಿಂಗಳು ಗೊಬ್ಬರ ನಿಲ್ಲಿಸಿ. ಎಲೆ ಹಳದಿಯಾದರೆ ಕೂಡಲೇ ಗೊಬ್ಬರಕ್ಕೆ ಕೈ ಹಾಕಬೇಡಿ. ಮೊದಲು ಮಣ್ಣು ಮುಟ್ಟಿ ನೋಡಿ. ಒದ್ದೆಯಾಗಿಯೇ ಇದ್ದರೆ ಬೇರು ಕೊಳೆಯುತ್ತಿರಬಹುದು.

ಯಾವಾಗ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೊಬ್ಬರ ಬೇಡ. ಕುಂಡವನ್ನು ಬೆಳಕಿರುವ ಜಗಲಿಗೆ ತಂದಿಡಿ. ಮೊಂತಿ ಹಬ್ಬ ಕಳೆದು ಮಳೆ ಇಳಿದ ಮೇಲೆ, ಅಕ್ಟೋಬರ್‌ನಲ್ಲಿ ತುದಿ ಕತ್ತರಿಸಿ ಕಾಂಪೋಸ್ಟ್ ಕೊಡಿ. ಕ್ರಿಸ್ಮಸ್ ಹೊತ್ತಿಗೆ ಹೊಸ ಚಿಗುರು ಕೈಗೆ ಬರುತ್ತದೆ. ತಪಸ್ಸು ಕಾಲದ ಬಿಸಿಲು ಏರಿದಂತೆ ಗೊಬ್ಬರ ಕಡಿಮೆ ಮಾಡಿ.

ಪೋಪ್ ಫ್ರಾನ್ಸಿಸ್ ಅವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಮನೆ ಎಂದು ಕರೆದರು. ಆ ಮನೆಯ ಆರೈಕೆ ಎಂದರೆ ಹೆಚ್ಚು ಸುರಿಯುವುದಲ್ಲ, ಬೇಕಾದಷ್ಟೇ ಕೊಡುವುದು. ವಾಳೆಯ ಸಭೆಗಳಲ್ಲಿ ಗಿಡ ಹಂಚುವ ಗುರಿಕಾರರು ಗಿಡದ ಜೊತೆ ಈ ಒಂದು ಮಾತನ್ನೂ ಹೇಳಿ ಕೊಟ್ಟರೆ, ಹಂಚಿದ ಗಿಡ ಉಳಿದೀತು ಎಂಬುದು ನಮ್ಮ ಆಶಯ.