ಹಂದಿ ರೂಪಾಯಿ

ಲಕ್ಷ್ಮೀಪೂಜೆಗೆ ಇಡುವ ಹಳೇ ಬೆಳ್ಳಿ ರೂಪಾಯಿ ನಿಮ್ಮ ಮನೆಯಲ್ಲಿದ್ದರೆ ಮೊದಲು ಇಸವಿ ಓದಿರಿ. 1911 ಇದ್ದರೆ ಪತ್ತಾರರಿಗೆ ತೂಕದ ಲೆಕ್ಕದಲ್ಲಿ ಕೊಡಬೇಡ್ರಿ. ಆ ವರ್ಷ ಐದನೇ ಜಾರ್ಜ್ ರಾಜನ ಮೊದಲ ರೂಪಾಯಿ ಬಂತು. ರಾಜನ ಎದೆಯ ಮೇಲೆ ನಿಲುವಂಗಿಯಲ್ಲಿ ಒಂದು ಸಣ್ಣ ಆನೆ ಇದೆ. ಅದರ ಸೊಂಡಿಲು ಬಹಳ ಗಿಡ್ಡ. ನೋಡಿದವರು "ಇದು ಆನಿ ಅಲ್ಲ, ಹಂದಿ" ಅಂದ್ರು. ಗದ್ದಲ ಎದ್ದಿತು. ಸರಕಾರ ಹಂಚದೇ ಉಳಿದ ನಾಣ್ಯಗಳನ್ನು ಕರಗಿಸಿತು. 1912ರ ನಾಣ್ಯದಲ್ಲಿ ಸೊಂಡಿಲು ತಿದ್ದಿದರು. ಈಗ ನಾಣ್ಯ ಕೂಡಿಸುವವರು ಆ ಹಂದಿಯನ್ನೇ ಹುಡುಕುತ್ತಾರೆ! 1911ರ ಕಂಚಿನ ಕಾಲಾಣೆಯಲ್ಲೂ ಅದೇ ಹಂದಿ ಇದೆ.

ಇಸವಿ ಇರುವ ಬದಿಯಲ್ಲಿ, ತಳದ ಕಮಲದ ಕೆಳಗೆ ಸಣ್ಣ ಉಬ್ಬು ಚುಕ್ಕೆ ಇದ್ದರೆ ಆ ರೂಪಾಯಿ ಮುಂಬಯಿ ಟಂಕಸಾಲೆಯದು, ಇಲ್ಲದಿದ್ದರೆ ಕಲ್ಕತ್ತೆಯದು. ಚುಕ್ಕೆ ತಪ್ಪಲ್ಲ, ಗುರುತು. 1943ರಿಂದ ಬಂದ ತೂತಿನ ಪೈಸೆಯೂ ತಪ್ಪಲ್ಲ. ಯುದ್ಧದ ಕಾಲ, ಲೋಹ ಉಳಿಸಲು ಟಂಕಸಾಲೆಯವರೇ ನಡುವೆ ತೂತು ಹಾಕಿದರು. ಸರಕ್ಕೆ ಪೋಣಿಸಲು ಕೊಂಡಿ ಬೆಸೆದ ಕಲೆ ಪತ್ತಾರರದು. ಅಚ್ಚು ಸರಿದು ಚಿತ್ರ ಒಂದು ಕಡೆ ಕೂತು, ಇನ್ನೊಂದು ಕಡೆ ಬೋಳಾಗಿದ್ದರೆ ಅದು ಖರೇ ಟಂಕಸಾಲೆಯ ತಪ್ಪು.

ಹಬ್ಬಕ್ಕೆ ಬೂದಿ, ಹುಣಸಿಹಣ್ಣು ಹಚ್ಚಿ ತಿಕ್ಕಬೇಡಿರಿ ಎಂದು ಅವ್ವನಿಗೆ ಹೇಳಿರಿ. ತಿಕ್ಕಿ ತಿಕ್ಕಿ ಸೊಂಡಿಲು ಸವೆದರೆ ಆನೆಯೋ ಹಂದಿಯೋ ಯಾರಿಗೂ ತಿಳಿಯುವುದಿಲ್ಲ.